ಸೀಲು ಇದ್ದರೆ ಸಾಲದು: ಅರ್ಜಿ ಹಾಕುವ ಮೊದಲು ವಿಶ್ವವಿದ್ಯಾಲಯದ ಮಾನ್ಯತೆ ನೋಡುವ ಬಗೆ

ಬೆಂಗಳೂರಿನ ಒಂದು ಪದವಿ ಕಾಲೇಜಿನ ಕಚೇರಿಯಲ್ಲಿ ನಾನು 22 ವರ್ಷ ಕೆಲಸ ಮಾಡಿದೆ. ಪ್ರವೇಶಾತಿ, ವರ್ಗಾವಣೆ ಪತ್ರ, ಅಂಕಪಟ್ಟಿ, ಮೂಲ ದಾಖಲೆಗಳ ಪರಿಶೀಲನೆ, ಇವೇ ನನ್ನ ದಿನಚರಿ. ನಿವೃತ್ತಿಗೆ ಸ್ವಲ್ಪ ಮುಂಚೆ ಒಂದು ಮಧ್ಯಾಹ್ನ ಸಿಂಧನೂರು ಕಡೆಯ ತಂದೆ, ಮಗ ಬಂದರು. ಮಗನಿಗೆ ಎಂ.ಕಾಂ. ಸೇರುವ ಆಸೆ. ಕೈಯಲ್ಲಿ ಬಿಬಿಎ ಪ್ರಮಾಣಪತ್ರ ಇತ್ತು, ಅದರ ಮೇಲೆ ದೂರದ ರಾಜ್ಯವೊಂದರ ಖಾಸಗಿ ವಿಶ್ವವಿದ್ಯಾಲಯದ ಹೆಸರಿತ್ತು. ‘ಅಲ್ಲಿ ಎಲ್ಲಿ ಉಳಿದುಕೊಂಡಿದ್ದೆ?’ ಎಂದು ಕೇಳಿದೆ. ‘ಅಲ್ಲಿಗೆ ಹೋಗಿಯೇ ಇಲ್ಲ ಸರ್, ಮೂರು ವರ್ಷವೂ ಇಲ್ಲೇ ಬೆಂಗಳೂರಿನ ವಿಜಯನಗರದಲ್ಲಿಯೇ ಓದಿದೆ’ ಎಂದ. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಾಲ್ಕು ಕೋಣೆಗಳ ‘ಕ್ಯಾಂಪಸ್’. ಅವನ ಅರ್ಜಿ ಅರ್ಹತಾ ಪರಿಶೀಲನೆಯಲ್ಲಿಯೇ ಬಿದ್ದುಹೋಯಿತು. ತಂದೆ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ಸೀಲಿದೆ, ಸಹಿ ಇದೆ. ಮತ್ತೇನು ಕಮ್ಮಿ ಸರ್?’ ಎಂದರು.

ಆ ವಿಶ್ವವಿದ್ಯಾಲಯ ಸುಳ್ಳಿನದಾಗಿರಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಪಟ್ಟಿಯಲ್ಲಿ ಅದರ ಹೆಸರು ಇತ್ತು. ತನ್ನ ರಾಜ್ಯದ ಹೊರಗೆ, ಬಾಡಿಗೆ ಮಹಡಿಯಲ್ಲಿ, ಇನ್ನೊಬ್ಬರ ಕೈಯಿಂದ ತರಗತಿ ನಡೆಸುವ ಅಧಿಕಾರ ಮಾತ್ರ ಅದಕ್ಕಿರಲಿಲ್ಲ. ‘ಪಟ್ಟಿಯಲ್ಲಿ ಹೆಸರಿದೆಯೇ ನೋಡಿ’ ಎಂಬ ಒಂದೇ ಸಾಲಿನ ಸಲಹೆ ಸಾಕಾಗುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಮಾನ್ಯತೆ ಎನ್ನುವುದು ಹೆಸರು, ಊರು, ಕೋರ್ಸು, ವರ್ಷ ಈ ನಾಲ್ಕಕ್ಕೂ ಒಟ್ಟಿಗೆ ಕಟ್ಟಿದ ಹಗ್ಗ. ನಾಲ್ಕರಲ್ಲಿ ಒಂದು ಗಂಟು ಬಿಚ್ಚಿದ್ದರೂ ಪ್ರಮಾಣಪತ್ರ ಎಲ್ಲೋ ಒಂದು ಕಿಟಕಿಯ ಮುಂದೆ ತಿರಸ್ಕಾರವಾಗುತ್ತದೆ.

ಮೊದಲು ಪದವನ್ನು ಬಿಡಿಸಿಕೊಳ್ಳಿ

ಕನ್ನಡದಲ್ಲಿ ‘ಮಾನ್ಯತೆ’ ಎಂಬ ಒಂದೇ ಪದವನ್ನು ನಾಲ್ಕು ಬೇರೆ ಬೇರೆ ಕಾಗದಗಳಿಗೆ ಬಳಸುತ್ತೇವೆ. ಪದವಿ ಕೊಡುವ ಕಾನೂನುಬದ್ಧ ಅಧಿಕಾರ ಒಂದು. ಎಂಜಿನಿಯರಿಂಗ್, ಕಾನೂನು, ವೈದ್ಯಕೀಯದಂತಹ ಕೋರ್ಸುಗಳಿಗೆ ಆಯಾ ಪರಿಷತ್ತು ನೀಡುವ ಅನುಮೋದನೆ ಇನ್ನೊಂದು. ಕಾಲೇಜು ಯಾವುದೋ ವಿಶ್ವವಿದ್ಯಾಲಯದ ಅಡಿಯಲ್ಲಿ ಇದ್ದರೆ ಅದರ ಸಂಯೋಜನೆ ಮೂರನೆಯದು. ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ (ನ್ಯಾಕ್) ಕೊಡುವ ಗುಣಮಟ್ಟದ ಶ್ರೇಣಿ ನಾಲ್ಕನೆಯದು. ಕರಪತ್ರದಲ್ಲಿ ‘ಸರ್ಕಾರಿ ಮಾನ್ಯತೆ ಪಡೆದ ಸಂಸ್ಥೆ’ ಎಂದು ದಪ್ಪ ಅಕ್ಷರದಲ್ಲಿ ಇದ್ದರೆ ‘ಯಾವ ಮಾನ್ಯತೆ, ಯಾರು ಕೊಟ್ಟದ್ದು, ಯಾವ ಕೋರ್ಸಿಗೆ?’ ಎಂದು ಕೇಳಿ. ಸಂಘ ನೋಂದಣಿ ಪತ್ರ, ಐಎಸ್‌ಒ ಪ್ರಮಾಣಪತ್ರ, ಕಂಪನಿ ನೋಂದಣಿ ಪತ್ರಗಳನ್ನು ಚೌಕಟ್ಟು ಹಾಕಿ ಗೋಡೆಗೆ ನೇತುಹಾಕುವವರಿದ್ದಾರೆ. ಅವು ಯಾವುವೂ ಪದವಿ ಕೊಡುವ ಅಧಿಕಾರವನ್ನು ತರುವುದಿಲ್ಲ.

ಹೆಜ್ಜೆ 1: ಪದವಿ ಪತ್ರಕ್ಕೆ ಸಹಿ ಹಾಕುವವರು ಯಾರು?

ನನ್ನ ಕಿಟಕಿಗೆ ಬಂದ ಪ್ರತಿ ಪೋಷಕರಿಗೂ ನಾನು ಹೇಳುತ್ತಿದ್ದ ಮೊದಲ ಪ್ರಶ್ನೆ ಇದು. ಕಟ್ಟಡ, ಹಾಸ್ಟೆಲ್, ಉದ್ಯೋಗ ಮೇಳ ಎಲ್ಲವೂ ಆಮೇಲೆ. ಮೂರು ವರ್ಷವೋ ನಾಲ್ಕು ವರ್ಷವೋ ಕಳೆದ ಮೇಲೆ ಘಟಿಕೋತ್ಸವದ ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿರುತ್ತದೆ?

1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಪದವಿ ಕೊಡುವ ಹಕ್ಕು ಇರುವುದು ಮೂರು ಬಗೆಯ ಸಂಸ್ಥೆಗಳಿಗೆ ಮಾತ್ರ. ಸಂಸತ್ತು ಇಲ್ಲವೇ ರಾಜ್ಯ ಶಾಸನಸಭೆಯ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯಗಳು, 3ನೇ ಸೆಕ್ಷನ್ ಅಡಿ ‘ಡೀಮ್ಡ್’ (ವಿಶ್ವವಿದ್ಯಾಲಯಕ್ಕೆ ಸಮಾನ) ಎಂದು ಘೋಷಿತವಾದವು, ಮತ್ತು ಸಂಸತ್ತು ವಿಶೇಷ ಅಧಿಕಾರ ಕೊಟ್ಟ ಸಂಸ್ಥೆಗಳು. ಬೆಂಗಳೂರಿನಲ್ಲಿ ಎಲ್ಲ ಬಗೆಯವೂ ಇವೆ. 1964ರಲ್ಲಿ ಆರಂಭವಾದ ಬೆಂಗಳೂರು ವಿಶ್ವವಿದ್ಯಾಲಯ ರಾಜ್ಯದ್ದು. ಅಜೀಂ ಪ್ರೇಮ್‌ಜಿ, ಪಿಇಎಸ್, ರೇವಾ ವಿಶ್ವವಿದ್ಯಾಲಯಗಳು ರಾಜ್ಯದ ಪ್ರತ್ಯೇಕ ಕಾಯ್ದೆಗಳಿಂದ ಬಂದ ಖಾಸಗಿ ವಿಶ್ವವಿದ್ಯಾಲಯಗಳು. ಭಾರತೀಯ ವಿಜ್ಞಾನ ಸಂಸ್ಥೆ 1958ರಿಂದ ಡೀಮ್ಡ್. ಕ್ರೈಸ್ಟ್ ಮತ್ತು ಜೈನ್ ಕೂಡ ಅದೇ ಗುಂಪಿನವು.

ಯುಜಿಸಿ ಜಾಲತಾಣದಲ್ಲಿ ಕೇಂದ್ರೀಯ, ರಾಜ್ಯ, ಡೀಮ್ಡ್, ರಾಜ್ಯ ಖಾಸಗಿ ಎಂದು ನಾಲ್ಕು ಪಟ್ಟಿಗಳಿವೆ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಮೊದಲ ಪುಟವನ್ನು ನಂಬಬೇಡಿ. ವಿಳಾಸ ‘ಜಿಒವಿ ಡಾಟ್ ಇನ್’ ಅಥವಾ ‘ಎಸಿ ಡಾಟ್ ಇನ್’ ಎಂದು ಮುಗಿಯುತ್ತದೆಯೇ ನೋಡಿ. ಪಟ್ಟಿಯಲ್ಲಿ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ. ವಂಚಕರು ಬಹುಪಾಲು ಹೆಸರಿನಲ್ಲಿಯೇ ಆಟವಾಡುತ್ತಾರೆ: ಒಂದು ‘ರಾಷ್ಟ್ರೀಯ’ ಸೇರಿಸುವುದು, ‘ಮುಕ್ತ’ ಎಂಬ ಪದ ತುರುಕುವುದು, ಮಹಾಪುರುಷರ ಹೆಸರಿನ ಮುಂದೆ ‘ವಿದ್ಯಾಪೀಠ’ ಎಂದು ಬರೆಯುವುದು. ಪಕ್ಕದಲ್ಲಿರುವ ಊರಿನ ಹೆಸರನ್ನೂ ನೋಡಿ.

ಅದೇ ಜಾಲತಾಣದಲ್ಲಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯೂ ಇದೆ. ವರ್ಷಗಟ್ಟಲೆ ಅದರಲ್ಲಿ ದೆಹಲಿ, ಉತ್ತರ ಪ್ರದೇಶದ ಹೆಸರುಗಳೇ ಹೆಚ್ಚು. ನಮ್ಮ ರಾಜ್ಯದ ಗೋಕಾಕ ವಿಳಾಸದ ಒಂದು ಹೆಸರೂ ಅಲ್ಲಿ ಬಹುಕಾಲ ಇತ್ತು. ಆದರೆ ನಕಲಿ ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ನೆಮ್ಮದಿಪಡಬೇಡಿ. ಹೊಸದಾಗಿ ಬೋರ್ಡು ಹಾಕಿದವರು ಆ ಪಟ್ಟಿಗೆ ಬರುವ ಹೊತ್ತಿಗೆ ಒಂದೆರಡು ತಂಡಗಳ ಶುಲ್ಕ ವಸೂಲಾಗಿರುತ್ತದೆ. ಅಸಲಿ ಪಟ್ಟಿಯಲ್ಲಿ ಹೆಸರು ಇರಲೇಬೇಕು, ಅದೇ ಪರೀಕ್ಷೆ. ಅದೇ ಕಾಯ್ದೆಯಲ್ಲಿ ಸುಳ್ಳು ವಿಶ್ವವಿದ್ಯಾಲಯ ನಡೆಸಿದವರಿಗೆ ಬರೆದಿರುವ ದಂಡ ಹೆಚ್ಚೆಂದರೆ 1000 ರೂಪಾಯಿ. ಒಬ್ಬ ವಿದ್ಯಾರ್ಥಿಯ ಅರ್ಜಿ ಶುಲ್ಕಕ್ಕಿಂತಲೂ ಕಡಿಮೆಯಾದ ಈ ಮೊತ್ತವನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಮ್ಮ ಎಚ್ಚರವನ್ನು ನಾವೇ ವಹಿಸಬೇಕಾದ ಕಾರಣವೂ ಅದರಲ್ಲಿಯೇ ಇದೆ.

ನೀವು ಸೇರುತ್ತಿರುವುದು ಕಾಲೇಜಿಗೆ ಆಗಿದ್ದರೆ ಇನ್ನೊಂದು ಸುತ್ತು ಹಾಕಬೇಕು. ‘ಸ್ವಾಯತ್ತ’ ಎಂಬ ಫಲಕವಿದ್ದರೂ ಪದವಿ ಕೊಡುವುದು ಮಾತೃ ವಿಶ್ವವಿದ್ಯಾಲಯವೇ; ಕಾಲೇಜು ಪಠ್ಯಕ್ರಮ ರೂಪಿಸಿ ಪರೀಕ್ಷೆ ನಡೆಸುತ್ತದೆ, ಅಷ್ಟೆ. ಎಂಜಿನಿಯರಿಂಗ್ ಕಾಲೇಜಾದರೆ ಬೆಳಗಾವಿಯ ವಿಟಿಯು, ನರ್ಸಿಂಗ್, ಫಾರ್ಮಸಿ, ವೈದ್ಯಕೀಯವಾದರೆ ಜಯನಗರದಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಕಾನೂನಾದರೆ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ ತಮ್ಮ ಸಂಯೋಜಿತ ಕಾಲೇಜುಗಳ ಪಟ್ಟಿಯನ್ನು ಪ್ರಕಟಿಸುತ್ತವೆ. ಬಿ.ಎ., ಬಿ.ಕಾಂ. ಕಾಲೇಜುಗಳ ವಿಷಯದಲ್ಲಿ ಬೆಂಗಳೂರಿನವರಿಗೆ ಗೊಂದಲ ಸಹಜ. ಹಳೆಯ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ ಒಡೆದಿದೆ: ಜ್ಞಾನಭಾರತಿಯದು, ಸೆಂಟ್ರಲ್ ಕಾಲೇಜು ಆವರಣದ ನಗರ ವಿಶ್ವವಿದ್ಯಾಲಯ, ಕೋಲಾರದ ಕಡೆಯ ಉತ್ತರ ವಿಶ್ವವಿದ್ಯಾಲಯ. ಅಣ್ಣ ಓದಿದಾಗ ಒಂದರ ಅಡಿ ಇದ್ದ ಕಾಲೇಜು ತಂಗಿ ಸೇರುವಾಗ ಇನ್ನೊಂದರ ಅಡಿ ಇರಬಹುದು. ಹಳೆಯ ಕರಪತ್ರ ನೋಡಿ ತೀರ್ಮಾನ ಮಾಡಬೇಡಿ.

ಹೆಜ್ಜೆ 2: ತರಗತಿ ನಡೆಯುವುದು ಎಲ್ಲಿ?

ಸಿಂಧನೂರಿನ ಹುಡುಗ ಸಿಕ್ಕಿಬಿದ್ದದ್ದು ಇಲ್ಲಿ. ಈ ಮೋಸ ಇಂದಿಗೂ ಬೆಂಗಳೂರಿನಲ್ಲಿ ನಡೆಯುತ್ತಲೇ ಇರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2002ರಲ್ಲಿ ಛತ್ತೀಸಗಢ ಸರ್ಕಾರ ಒಂದು ಕಾಯ್ದೆ ಮಾಡಿತು. ಅದರ ಬಲದಿಂದ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳು ಸಾಲುಸಾಲಾಗಿ ಹುಟ್ಟಿಕೊಂಡವು. ಹಲವಕ್ಕೆ ಕಟ್ಟಡವೂ ಇರಲಿಲ್ಲ, ಪ್ರಾಧ್ಯಾಪಕರೂ ಇರಲಿಲ್ಲ. ಹೆಸರಾಂತ ವಿಜ್ಞಾನಿ ಯಶ್ ಪಾಲ್ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2005ರಲ್ಲಿ ಕೋರ್ಟು ಆ ಕಾಯ್ದೆಯ ಮುಖ್ಯ ಸೆಕ್ಷನ್‌ಗಳನ್ನೇ ರದ್ದು ಮಾಡಿತು. ಒಂದು ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ ಆ ರಾಜ್ಯದ ಗಡಿಯೊಳಗೇ ಇರಬೇಕು ಎಂಬ ಮಾತು ಆ ತೀರ್ಪಿನಿಂದ ಗಟ್ಟಿಯಾಯಿತು. ಹಾಗಾಗಿ ಬೇರೆ ರಾಜ್ಯದ ಖಾಸಗಿ ವಿಶ್ವವಿದ್ಯಾಲಯದ ‘ರೆಗ್ಯುಲರ್’ ಪದವಿಯನ್ನು ರಾಜಾಜಿನಗರದಲ್ಲಿಯೋ ಮಾರತ್ತಹಳ್ಳಿಯಲ್ಲಿಯೋ ಕುಳಿತು ಪಡೆಯಿರಿ ಎಂದು ಯಾರಾದರೂ ಕರೆದರೆ ಅಲ್ಲಿಂದ ಎದ್ದು ಬನ್ನಿ. ‘ಸ್ಟಡಿ ಸೆಂಟರ್’, ‘ನಾಲೆಡ್ಜ್ ಪಾರ್ಟ್‌ನರ್’, ‘ಇಂಡಸ್ಟ್ರಿ ಇಂಟಿಗ್ರೇಟೆಡ್ ಕ್ಯಾಂಪಸ್’ ಎಂಬ ಹೆಸರುಗಳು ಬದಲಾಗುತ್ತಾ ಹೋಗುತ್ತವೆ. ಒಳಗಿನ ಸರಕು ಒಂದೇ.

ಡೀಮ್ಡ್ ಸಂಸ್ಥೆಗಳು ಮುಖ್ಯ ಆವರಣದ ಹೊರಗೆ ಶಾಖೆ ತೆರೆಯಬೇಕಾದರೆ ಪ್ರತ್ಯೇಕ ಅನುಮತಿ ಬೇಕು. ಆ ಶಾಖೆಯ ವಿಳಾಸ ಅನುಮತಿಯಲ್ಲಿ ಇದೆಯೇ ಎಂದು ಕೇಳಿ. ಸಾಧ್ಯವಾದರೆ ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ನೋಡಿ. ಪ್ರವೇಶಾತಿ ಕಚೇರಿಯನ್ನು ಬಿಟ್ಟು ಗ್ರಂಥಾಲಯಕ್ಕೆ ಹೋಗಿ, ಎರಡನೇ ವರ್ಷದ ವಿದ್ಯಾರ್ಥಿಯೊಬ್ಬನ ಅಂಕಪಟ್ಟಿಯನ್ನು ತೋರಿಸಲು ವಿನಯದಿಂದ ಕೇಳಿ. ಅದರ ಮೇಲಿನ ಹೆಸರು ಕರಪತ್ರದ ಹೆಸರಿಗೆ ಹೊಂದುತ್ತದೆಯೇ ಎಂಬುದು ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಹೆಜ್ಜೆ 3: ನಿಮ್ಮ ಕೋರ್ಸಿಗೆ ಅನುಮೋದನೆ ಇದೆಯೇ?

ವಿಶ್ವವಿದ್ಯಾಲಯ ಸರಿಯಾಗಿದ್ದರೂ ನಿಮ್ಮ ಕೋರ್ಸಿಗೆ ಅನುಮೋದನೆ ಇಲ್ಲದಿರಬಹುದು. ಎಂಬಿಬಿಎಸ್‌ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ (2020ರ ಸೆಪ್ಟೆಂಬರ್‌ನಲ್ಲಿ ಹಳೆಯ ಭಾರತೀಯ ವೈದ್ಯಕೀಯ ಪರಿಷತ್ತಿನ (ಎಂಸಿಐ) ಜಾಗಕ್ಕೆ ಬಂದದ್ದು), ಎಲ್‌ಎಲ್‌ಬಿಗೆ ಭಾರತೀಯ ವಕೀಲರ ಪರಿಷತ್ತು, ಫಾರ್ಮಸಿಗೆ ಫಾರ್ಮಸಿ ಕೌನ್ಸಿಲ್, ವಾಸ್ತುಶಿಲ್ಪಕ್ಕೆ ವಾಸ್ತುಶಿಲ್ಪ ಪರಿಷತ್ತು, ಬಿ.ಇಡಿ.ಗೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು (ಎನ್‌ಸಿಟಿಇ). ಈ ಕೋರ್ಸುಗಳಲ್ಲಿ ಪದವಿ ಪಡೆದ ಮೇಲೆ ವೃತ್ತಿ ನಡೆಸಲು ಅಥವಾ ನೌಕರಿಗೆ ಸೇರಲು ಪರಿಷತ್ತಿನ ಒಪ್ಪಿಗೆ ಬೇಕಾಗುತ್ತದೆ. ಅನುಮೋದನೆ ಇಲ್ಲದ ಕಾಲೇಜಿನಿಂದ ಎಲ್‌ಎಲ್‌ಬಿ ಮುಗಿಸಿದವರು ಕಪ್ಪು ಕೋಟು ಹಾಕುವಂತಿಲ್ಲ.

ಎಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್ ಕಾಲೇಜುಗಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಇದೆ. 2024-25ರಿಂದ ಬಿಬಿಎ, ಬಿಸಿಎ ಕಾಲೇಜುಗಳನ್ನೂ ಅದರ ವ್ಯಾಪ್ತಿಗೆ ತರಲಾಗಿದೆ. ಇದು ಇನ್ನೂ ಬಹಳ ಪೋಷಕರಿಗೆ ತಿಳಿದಿಲ್ಲ. ಕಾಲೇಜಿನವರ ಬಳಿ ‘ಅನುಮೋದನೆ ವಿಸ್ತರಣೆ ಪತ್ರ’ ಕೇಳಿ. ಅದರಲ್ಲಿ ಕೋರ್ಸಿನ ಹೆಸರು, ಶೈಕ್ಷಣಿಕ ವರ್ಷ, ಸೀಟುಗಳ ಸಂಖ್ಯೆ ಮೂರೂ ಇರುತ್ತವೆ. ಪತ್ರದಲ್ಲಿ 60 ಸೀಟು ಎಂದಿದ್ದು, ಒಳಗೆ ಮೂರು ವಿಭಾಗಗಳಿಗೆ ಹುಡುಗರನ್ನು ತುಂಬುತ್ತಿದ್ದರೆ ಹೆಚ್ಚುವರಿ ಹುಡುಗರ ಗತಿ ಏನೆಂದು ನೀವೇ ಯೋಚಿಸಿ. ಒಂದು ಸೂಕ್ಷ್ಮ: ಸುಪ್ರೀಂ ಕೋರ್ಟಿನ 2001ರ ತೀರ್ಪಿನ ಪ್ರಕಾರ ವಿಶ್ವವಿದ್ಯಾಲಯಗಳು ತಾವೇ ತಾಂತ್ರಿಕ ಕೋರ್ಸು ಆರಂಭಿಸಲು ಎಐಸಿಟಿಇ ಪೂರ್ವಾನುಮತಿ ಪಡೆಯಬೇಕಾಗಿಲ್ಲ. ಹಾಗಾಗಿ ಖಾಸಗಿ ವಿಶ್ವವಿದ್ಯಾಲಯದ ಹೆಸರು ಎಐಸಿಟಿಇ ಪುಟದಲ್ಲಿ ಕಾಣದಿದ್ದರೆ ಕೂಡಲೇ ನಕಲಿ ಎಂದುಕೊಳ್ಳಬೇಡಿ. ಮೊದಲ ಹೆಜ್ಜೆಗೆ ಹಿಂತಿರುಗಿ ಅದರ ಕಾಯ್ದೆಯನ್ನು ನೋಡಿ.

ಕೋರ್ಸಿನ ಹೆಸರನ್ನೂ ಗಮನಿಸಿ. ಪದವಿಗಳಿಗೆ ಯುಜಿಸಿ ಗೊತ್ತುಪಡಿಸಿದ ಹೆಸರುಗಳಿವೆ. ವಿಶ್ವವಿದ್ಯಾಲಯವಲ್ಲದ ಮ್ಯಾನೇಜ್‌ಮೆಂಟ್ ಸಂಸ್ಥೆಗಳು ಸ್ವಂತವಾಗಿ ಎಂಬಿಎ ಕೊಡುವಂತಿಲ್ಲ. ಎಐಸಿಟಿಇ ಅನುಮೋದನೆಯೊಂದಿಗೆ ಪಿಜಿಡಿಎಂ ಎಂಬ ಡಿಪ್ಲೊಮಾ ಕೊಡುತ್ತವೆ. ಒಳ್ಳೆಯ ಪಿಜಿಡಿಎಂ ಬೇಕಾದಷ್ಟಿವೆ. ಬಾಯಲ್ಲಿ ಎಂಬಿಎ ಎಂದು ಹೇಳಿ ಕಾಗದದಲ್ಲಿ ಬೇರೆ ಬರೆದರೆ ಮಾತ್ರ ಅನುಮಾನಪಡಬೇಕು.

ಹೆಜ್ಜೆ 4: ದೂರಶಿಕ್ಷಣವಾದರೆ ವರ್ಷವನ್ನು ನೋಡಿ

ನೌಕರಿ ಮಾಡುತ್ತಾ ಓದುವವರು, ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳು ನೆಚ್ಚಿಕೊಂಡಿರುವುದು ಈ ದಾರಿಯನ್ನು. ಇಲ್ಲಿ ವರ್ಷದ ಗಂಟು ಬಹಳ ಮುಖ್ಯ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಕಾಯ್ದೆಯಿಂದಲೇ ಹುಟ್ಟಿದ್ದು, ಅದರ ಅಸ್ತಿತ್ವದ ಬಗ್ಗೆ ಯಾವ ಸಂಶಯವೂ ಇಲ್ಲ. ಆದರೂ ರಾಜ್ಯದ ಹೊರಗೆ ಖಾಸಗಿಯವರ ಜೊತೆ ಕೇಂದ್ರಗಳನ್ನು ನಡೆಸಿದ ಕಾರಣಕ್ಕೆ ಯುಜಿಸಿ 2015ರಲ್ಲಿ ಆದೇಶ ಹೊರಡಿಸಿ, 2013-14ರಿಂದಲೇ ಅನ್ವಯವಾಗುವಂತೆ ಅದರ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಆಗಲೇ ಓದುತ್ತಿದ್ದ ಸಾವಿರಾರು ಮಂದಿ ಯಾವ ತಪ್ಪೂ ಮಾಡದೆ ಬೀದಿಗೆ ಬಂದರು. 2018-19ರಿಂದ ಮಾನ್ಯತೆ ಮತ್ತೆ ಸಿಕ್ಕಿತು, ಈಗ ಅಲ್ಲಿ ಓದುವವರು ಅಂಜಬೇಕಾಗಿಲ್ಲ. ಆ ಮಧ್ಯದ ವರ್ಷಗಳ ಪ್ರಮಾಣಪತ್ರ ಹಿಡಿದು ನನ್ನ ಕಿಟಕಿಗೆ ಬಂದವರ ಮುಖಗಳು ನನಗೆ ಇನ್ನೂ ನೆನಪಿವೆ.

ಯುಜಿಸಿಯ ದೂರಶಿಕ್ಷಣ ವಿಭಾಗದ ಪುಟದಲ್ಲಿ ವಿಶ್ವವಿದ್ಯಾಲಯ, ಕೋರ್ಸು, ಅಧಿವೇಶನ (ಪ್ರವೇಶ ನಡೆಯುವ ಅವಧಿ) ಈ ಮೂರರ ಪ್ರಕಾರ ಅನುಮತಿಯ ಪಟ್ಟಿ ಇರುತ್ತದೆ. ನೀವು ಸೇರುವ ಅಧಿವೇಶನಕ್ಕೇ ಅನುಮತಿ ಇದೆಯೇ ನೋಡಿ. ಕಳೆದ ವರ್ಷ ಇದ್ದದ್ದು ಲೆಕ್ಕಕ್ಕಿಲ್ಲ. ಈಗ ವಿದ್ಯಾರ್ಥಿಯೇ ಅಲ್ಲಿ ನೋಂದಾಯಿಸಿ ಡೆಬ್ ಐಡಿ ಎಂಬ ಸಂಖ್ಯೆ ಪಡೆಯಬೇಕು. ಅದನ್ನು ಕೇಳದೆ ಪ್ರವೇಶ ಕೊಡುವ ಕಡೆ ಹಣ ಕಟ್ಟಬೇಡಿ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡಲು ಯುಜಿಸಿ ನಿಯಮದಲ್ಲಿ ಅವಕಾಶವೇ ಇಲ್ಲ. ‘ನೌಕರಿ ಬಿಡದೆ ಬಿ.ಟೆಕ್., ವರ್ಷಕ್ಕೊಮ್ಮೆ ಪರೀಕ್ಷೆ’ ಎಂಬ ಜಾಹೀರಾತು ಕಂಡರೆ ಮುಂದೆ ವಿಚಾರಿಸುವ ಅಗತ್ಯವೇ ಇಲ್ಲ. ಆನ್‌ಲೈನ್ ಕಲಿಕಾ ಕಂಪನಿಗಳ ಮೂಲಕ ಪದವಿಯನ್ನು ಫ್ರಾಂಚೈಸಿಯಂತೆ ಮಾರುವುದನ್ನೂ ಯುಜಿಸಿ ನಿಷೇಧಿಸಿದ್ದು, 2022ರ ಜನವರಿಯಲ್ಲಿ ಈ ಬಗ್ಗೆ ಬಹಿರಂಗ ಎಚ್ಚರಿಕೆ ಕೊಟ್ಟಿದೆ. ಫೋನಿನಲ್ಲಿ ದಿನಕ್ಕೆ ನಾಲ್ಕು ಸಲ ಕರೆ ಮಾಡುವ ‘ಕೌನ್ಸೆಲರ್’ ವಿಶ್ವವಿದ್ಯಾಲಯದ ನೌಕರರೋ ಕಂಪನಿಯವರೋ ಕೇಳಿ.

ಹೆಜ್ಜೆ 5: ನ್ಯಾಕ್ ಶ್ರೇಣಿಯನ್ನು ಓದುವುದು

ನ್ಯಾಕ್ ನಮ್ಮ ಊರಿನದೇ. 1994ರಲ್ಲಿ ಸ್ಥಾಪನೆಯಾದ ಈ ಮಂಡಳಿಯ ಕೇಂದ್ರ ಕಚೇರಿ ನಾಗರಭಾವಿಯಲ್ಲಿದೆ. ಹಲವು ವರ್ಷಗಳಿಂದ ಅದು ನಾಲ್ಕು ಅಂಕಗಳ ಅಳತೆಯಲ್ಲಿ ಶ್ರೇಣಿ ಕೊಡುತ್ತಾ ಬಂದಿದೆ: 3.51ರಿಂದ ಮೇಲೆ ‘ಎ ಪ್ಲಸ್ ಪ್ಲಸ್’, 3.26ರಿಂದ ‘ಎ ಪ್ಲಸ್’, 3.01ರಿಂದ ‘ಎ’, ಹೀಗೆ ಇಳಿಯುತ್ತಾ 1.50 ಅಥವಾ ಅದಕ್ಕಿಂತ ಕಡಿಮೆಯಾದರೆ ‘ಡಿ’, ಅಂದರೆ ಮಾನ್ಯತೆ ಇಲ್ಲ. ಶ್ರೇಣಿಗೆ ಸಾಮಾನ್ಯವಾಗಿ ಐದು ವರ್ಷದ ಆಯುಸ್ಸು. ಪ್ರಮಾಣಪತ್ರದಲ್ಲಿರುವ ಕೊನೆಯ ದಿನಾಂಕವನ್ನು ಓದಿ. ಅವಧಿ ಮುಗಿದ ‘ಎ’ಯನ್ನು ಫಲಕದಲ್ಲಿ ಉಳಿಸಿಕೊಂಡವರಿದ್ದಾರೆ. ಒಂದೇ ಟ್ರಸ್ಟಿನ ಒಂದು ಕಾಲೇಜಿಗೆ ಸಿಕ್ಕ ಶ್ರೇಣಿ ಪಕ್ಕದ ಕಾಲೇಜಿಗೆ ಅನ್ವಯಿಸುವುದಿಲ್ಲ. ಎರಡು ತಂಡಗಳ ವಿದ್ಯಾರ್ಥಿಗಳು ಓದು ಮುಗಿಸಿ ಹೊರಬರುವವರೆಗೆ ಅಥವಾ ಆರು ವರ್ಷ ತುಂಬುವವರೆಗೆ ಹೊಸ ಸಂಸ್ಥೆಗಳು ನ್ಯಾಕ್‌ಗೆ ಅರ್ಜಿ ಹಾಕುವಂತಿರಲಿಲ್ಲ, ಆದ್ದರಿಂದ ಶ್ರೇಣಿ ಇಲ್ಲದ್ದೆಲ್ಲ ಮೋಸವೂ ಅಲ್ಲ. ಎಂಜಿನಿಯರಿಂಗ್‌ಗೆ ಎನ್‌ಬಿಎ ಎಂಬ ಇನ್ನೊಂದು ಮಂಡಳಿ ಇದೆ. ಅದು ಇಡೀ ಕಾಲೇಜಿನ ಬದಲು ಒಂದೊಂದು ವಿಭಾಗವನ್ನು ಅಳೆಯುತ್ತದೆ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಸೇರಿರುವುದರಿಂದ ಹೊರದೇಶಕ್ಕೆ ಹೋಗುವ ಎಂಜಿನಿಯರುಗಳಿಗೆ ಅದು ಉಪಯೋಗಕ್ಕೆ ಬರುತ್ತದೆ.

ಶ್ರೇಣಿಯನ್ನು ಕಣ್ಣುಮುಚ್ಚಿ ನಂಬಬೇಡಿ ಎಂದೂ ಹೇಳಬೇಕಾಗಿದೆ. ಅನುಕೂಲಕರ ಶ್ರೇಣಿಗಾಗಿ ಲಂಚ ನಡೆದಿದೆ ಎಂಬ ಆರೋಪದಲ್ಲಿ 2025ರ ಫೆಬ್ರವರಿಯಲ್ಲಿ ಸಿಬಿಐ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನೇ ಬಂಧಿಸಿತು. ಪರಿಶೀಲನಾ ತಂಡದ ವರದಿ ಸಿಕ್ಕರೆ ಅಧ್ಯಾಪಕರ ಸಂಖ್ಯೆ, ಖಾಲಿ ಹುದ್ದೆ, ಪ್ರಯೋಗಾಲಯದ ಬಗ್ಗೆ ಏನು ಬರೆದಿದ್ದಾರೆ ಎಂದು ನೀವೇ ಓದಿ.

ಹೊರದೇಶದ ವಿಶ್ವವಿದ್ಯಾಲಯವಾದರೆ

2011ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಟ್ರೈ ವ್ಯಾಲಿ ಎಂಬ ವಿಶ್ವವಿದ್ಯಾಲಯದ ಮೇಲೆ ಅಲ್ಲಿನ ಅಧಿಕಾರಿಗಳು ದಾಳಿ ಮಾಡಿದಾಗ ಅಲ್ಲಿ ಹೆಸರು ನೋಂದಾಯಿಸಿದ್ದವರಲ್ಲಿ ಬಹುಪಾಲು ಭಾರತೀಯರು. ಕೆಲವರ ಕಾಲಿಗೆ ರೇಡಿಯೋ ಪಟ್ಟಿ ಕಟ್ಟಿ ನಿಗಾ ಇಟ್ಟರು. ವೀಸಾ ಸಿಕ್ಕಿತು ಎಂಬುದು ಮಾನ್ಯತೆಗೆ ಸಾಕ್ಷಿಯಲ್ಲ ಎಂಬುದಕ್ಕೆ ಇದೇ ಉದಾಹರಣೆ. ಅಮೆರಿಕದಲ್ಲಿ ಮಾನ್ಯತೆ ಕೊಡುವುದು ಸ್ವತಂತ್ರ ಮಂಡಳಿಗಳು. ಅವುಗಳಲ್ಲಿ ಸರ್ಕಾರ ಒಪ್ಪಿದವು ಯಾವುವು, ಅವು ಯಾವ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಕೊಟ್ಟಿವೆ ಎಂಬುದು ಅಲ್ಲಿನ ಶಿಕ್ಷಣ ಇಲಾಖೆಯ ದತ್ತಾಂಶದಲ್ಲಿ ಸಿಗುತ್ತದೆ. ಆಸ್ಟ್ರೇಲಿಯಾಕ್ಕೆ ಕ್ರಿಕೋಸ್ ಪಟ್ಟಿ, ಕೆನಡಾಕ್ಕೆ ಡಿಎಲ್‌ಐ ಪಟ್ಟಿ (ಎರಡೂ ಹೊರದೇಶದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿ ಇರುವ ಸಂಸ್ಥೆಗಳವು), ಜರ್ಮನಿಗೆ ಹೋಖ್‌ಶೂಲ್‌ಕೊಂಪಾಸ್ ಎಂಬ ಪಟ್ಟಿ ನೋಡಿ. ಹೊರಗೆ ವೈದ್ಯಕೀಯ ಓದುವವರು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮವನ್ನು ತಪ್ಪದೆ ಓದಬೇಕು: ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ.

ಬರೆದು ಕೇಳಿ, ಬರಹದಲ್ಲಿ ಪಡೆಯಿರಿ

ಬಾಯಿಮಾತಿಗೆ ಬೆಲೆಯಿಲ್ಲ. ಹಣ ಕಟ್ಟುವ ಮೊದಲು ವಿಶ್ವವಿದ್ಯಾಲಯದ ಕುಲಸಚಿವರಿಗೆ ಇಂತಹ ನಾಲ್ಕು ಸಾಲಿನ ಇಮೇಲ್ ಕಳುಹಿಸಿ:

‘ಮಾನ್ಯರೇ, 2026-27ನೇ ಸಾಲಿಗೆ ಬೆಂಗಳೂರಿನ (ಪೂರ್ಣ ವಿಳಾಸ) ಕೇಂದ್ರದಲ್ಲಿ ಬಿಸಿಎ ಕೋರ್ಸಿಗೆ ಅರ್ಜಿ ಹಾಕಲು ಬಯಸಿದ್ದೇನೆ. ಈ ಕೇಂದ್ರ ನಿಮ್ಮ ವಿಶ್ವವಿದ್ಯಾಲಯದ ಅಧಿಕೃತ ಆವರಣವೇ? ಪದವಿ ಪ್ರಮಾಣಪತ್ರವನ್ನು ಯಾರು ನೀಡುತ್ತಾರೆ? ಈ ಸಾಲಿನ ಅನುಮೋದನೆ ಪತ್ರದ ಪ್ರತಿಯನ್ನು ದಯವಿಟ್ಟು ಕಳುಹಿಸಿ.’

ಸರಿಯಾದ ಸಂಸ್ಥೆಯವರು ಉತ್ತರಿಸಲು ಹಿಂಜರಿಯುವುದಿಲ್ಲ. ಉತ್ತರದ ಬದಲು ‘ಇಂದೇ ಸೀಟು ಕಾದಿರಿಸಿದರೆ ರಿಯಾಯಿತಿ’ ಎಂಬ ಸಂದೇಶ ಬಂದರೆ ನಿಮಗೆ ಬೇಕಾದ ಉತ್ತರ ಅದರಲ್ಲಿಯೇ ಇದೆ. ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅಥವಾ ಯುಜಿಸಿಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿದರೆ 30 ದಿನಗಳಲ್ಲಿ ಉತ್ತರ ಕೊಡಬೇಕಾದದ್ದು ಅವರ ಕರ್ತವ್ಯ. ಈ ಕೆಲಸವನ್ನು ಪಿಯುಸಿ ಪರೀಕ್ಷೆಗೆ ಮುಂಚೆ, ಜನವರಿಯಲ್ಲಿಯೇ ಮಾಡಿ ಮುಗಿಸಿ. ಫಲಿತಾಂಶ ಬಂದ ಮೇಲೆ ದಲ್ಲಾಳಿಗಳ ಅವಸರ ನಮ್ಮ ತಲೆಗೂ ಏರುತ್ತದೆ.

ಮೂಲ ಅಂಕಪಟ್ಟಿಯನ್ನು ಯಾರ ಕೈಯಲ್ಲಿಯೂ ಬಿಟ್ಟು ಬರಬೇಡಿ. ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕು ಎಂದು ಯುಜಿಸಿ 2018ರಲ್ಲಿಯೇ ಸೂಚನೆ ಹೊರಡಿಸಿದೆ. ತಪ್ಪು ತಿಳಿದ ಮೇಲೂ ಎಷ್ಟೋ ಮಕ್ಕಳು ಅಂತಹ ಕಡೆಯೇ ಉಳಿದದ್ದು ಮೂಲ ದಾಖಲೆಗಳು ಅಲ್ಲಿ ಸಿಕ್ಕಿಕೊಂಡಿದ್ದರಿಂದ. ಶುಲ್ಕವನ್ನು ವಿಶ್ವವಿದ್ಯಾಲಯದ ಅಥವಾ ಕಾಲೇಜಿನ ಖಾತೆಗೆ ಮಾತ್ರ ಕಟ್ಟಿ, ರಸೀದಿ ಪಡೆಯಿರಿ. ಈಗಾಗಲೇ ಕಟ್ಟಿ ಸಿಕ್ಕಿಕೊಂಡಿದ್ದರೆ ರಸೀದಿ, ಕರಪತ್ರ, ವಾಟ್ಸ್‌ಆ್ಯಪ್ ಸಂದೇಶಗಳೊಂದಿಗೆ ಯುಜಿಸಿಯ ಇ-ಸಮಾಧಾನ್ ಪುಟದಲ್ಲಿ ದೂರು ಕೊಡಿ, ಪೊಲೀಸ್ ಠಾಣೆಗೂ ಹೋಗಿ.

ಇಷ್ಟೆಲ್ಲ ನೋಡಿದ ಮೇಲೆ ಒಂದು ಕೆಲಸ ಉಳಿಯುತ್ತದೆ. ಯುಜಿಸಿ ಪಟ್ಟಿಯ ಆ ಪುಟ, ಪರಿಷತ್ತಿನ ಅನುಮೋದನೆ, ನ್ಯಾಕ್ ಪ್ರಮಾಣಪತ್ರ, ಕುಲಸಚಿವರ ಉತ್ತರ, ಎಲ್ಲವನ್ನೂ ಮುದ್ರಿಸಿ, ಪ್ರತಿಯೊಂದರ ಮೇಲೂ ನೋಡಿದ ದಿನಾಂಕ ಬರೆದು ಒಂದು ಫೈಲಿನಲ್ಲಿ ಇಡಿ. ಜಾಲತಾಣದ ಪುಟಗಳು ಬದಲಾಗುತ್ತವೆ. ನಾಲ್ಕು ವರ್ಷದ ಮೇಲೆ ಯಾವುದೋ ಕಚೇರಿಯ ಕಿಟಕಿಯಲ್ಲಿ ನನ್ನಂತಹ ಒಬ್ಬರು ‘ನೀವು ಸೇರಿದ ವರ್ಷ ಅನುಮೋದನೆ ಇತ್ತೇ?’ ಎಂದು ಕೇಳಿದಾಗ ಆ ಫೈಲನ್ನು ಮುಂದೆ ಇಡಬಹುದು.